1953ರ ಬೊನಾಂಜಾ ಕೊಳ್ಳುವ ಮುನ್ನ: ಹಳೇ ಕಾಲದ ಸಣ್ಣ ವಿಮಾನಗಳು ಬೀಳುವುದು ಯಾಕೆ?

ನೀವು ಕೇಳಿರುವುದು ಇಷ್ಟು. ಟೆಕ್ಸಸ್‌ನಲ್ಲಿರುವ ನಿಮ್ಮ ತಮ್ಮ ಇಬ್ಬರು ಗೆಳೆಯರ ಜೊತೆ ಸೇರಿ 1953ರ ಬೀಚ್‌ಕ್ರಾಫ್ಟ್ ಬೊನಾಂಜಾ ಡಿ35 ಕೊಳ್ಳಲು ಹೊರಟಿದ್ದಾನೆ. ಎಪ್ಪತ್ತು ವರ್ಷ ದಾಟಿದ ತಗಡು ಆಕಾಶದಲ್ಲಿ ಮುರಿದುಬಿದ್ದರೆ ಏನು ಗತಿ ಅಂತ ಮನೆಯಲ್ಲಿ ಎಲ್ಲರಿಗೂ ಭಯ. ಇಂಥ ಹಳೇ ವಿಮಾನಗಳು ನಿಜಕ್ಕೂ ಹೆಚ್ಚು ಬೀಳುತ್ತವೆಯೇ, ಬಿದ್ದರೆ ಯಾತಕ್ಕೆ?

ನಾನು ವಿಮಾನ ನಿರ್ವಹಣೆಯ ಕೆಲಸದಲ್ಲಿದ್ದವನು. ಹಾರಿಸಿದ್ದಕ್ಕಿಂತ ಬಿಚ್ಚಿ ಜೋಡಿಸಿದ್ದೇ ಜಾಸ್ತಿ, ಜೊತೆಗೆ ಅಪಘಾತದ ತನಿಖಾ ವರದಿ ಓದುವ ಚಟ. ಬರೀ ವಯಸ್ಸಿನಿಂದ ಮುರಿದುಬಿದ್ದ ವಿಮಾನಗಳು ಇಲ್ಲವೆಂದಲ್ಲ, ಇವೆ, ಆದರೆ ಕಡಿಮೆ. ಆ ಕಾಲದ ವಿನ್ಯಾಸ ಪೈಲಟ್‌ನಿಂದ ಏನನ್ನು ನಿರೀಕ್ಷಿಸುತ್ತಿತ್ತೋ ಅದನ್ನು ಈಗಿನ ಪೈಲಟ್ ಕಲಿತಿರುವುದಿಲ್ಲ, ಹೆಚ್ಚಿನ ಅಪಘಾತಗಳು ಹುಟ್ಟುವುದು ಅಲ್ಲಿ. ನಿಮ್ಮ ತಮ್ಮ ಆರಿಸಿಕೊಂಡಿರುವ ವಿಮಾನದ ಇತಿಹಾಸವೇ ಇದಕ್ಕೆ ಒಳ್ಳೆಯ ಪಾಠ, ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಬೊನಾಂಜಾ ಮೊದಲು ಹಾರಿದ್ದು 1945ರ ಡಿಸೆಂಬರ್ 22ರಂದು. 1947ರಲ್ಲಿ ಮಾರಾಟಕ್ಕೆ ಬಂತು. ಆಗಿನ ಬಹುಪಾಲು ಸಣ್ಣ ವಿಮಾನಗಳೆಂದರೆ ಬಟ್ಟೆ ಹೊದೆಸಿದ ಮೈ, ಹೊರಗೆ ಚಾಚಿಕೊಂಡ ಚಕ್ರ. ಇದು ಪೂರ್ತಿ ಲೋಹ, ಚಕ್ರ ಒಳಗೆ ಮಡಚಿಕೊಳ್ಳುತ್ತಿತ್ತು, ಬಾಲ ವಿ ಆಕಾರದಲ್ಲಿ ಎರಡೇ ತುಂಡು. ಗಾಳಿಯ ಎಳೆತ ತೀರಾ ಕಡಿಮೆ, ವೇಗ ಮಸ್ತು. ಬೆಲೆಯೂ ಹಾಗೇ ಇದ್ದದ್ದರಿಂದ ದುಡ್ಡಿದ್ದ, ಆದರೆ ಹಾರಾಟದ ಅನುಭವ ಸಾಲದ ಜನ ಕೊಂಡರು. 'ಡಾಕ್ಟರುಗಳನ್ನು ಕೊಲ್ಲುವ ಕವಲುಬಾಲದ ವಿಮಾನ' ಅಂತ ಅಡ್ಡಹೆಸರು ಬಿದ್ದದ್ದು ಹಾಗೆ. (ನಿಮ್ಮ ತಮ್ಮ ಸಾಫ್ಟ್‌ವೇರ್‌ನಲ್ಲಿದ್ದಾನೆ ಅಂದಿರಿ. ಅಂದಿನ ಡಾಕ್ಟರುಗಳ ಜಾಗದಲ್ಲಿ ಇಂದು ಅವರೇ ಕೂತಿದ್ದಾರೆ!)

ಎಳೆತ ಕಡಿಮೆ ಇರುವುದರಲ್ಲಿ ಅಪಾಯವೇನು? ಮೋಡದೊಳಗೆ ಹೊಕ್ಕ ಪೈಲಟ್‌ಗೆ ಹೊರಗೆ ಏನೂ ಕಾಣುವುದಿಲ್ಲ. ಒಂದು ರೆಕ್ಕೆ ನಿಧಾನಕ್ಕೆ ವಾಲಿದರೂ ಅವನ ಕಿವಿಯೊಳಗಿನ ಸಮತೋಲನಕ್ಕೆ ಅದು ಗೊತ್ತಾಗದು. ಮೂಗು ತಗ್ಗುತ್ತದೆ, ವೇಗ ಏರುತ್ತದೆ. ಎಳೆತ ಜಾಸ್ತಿ ಇರುವ, ಒಂದರ ಮೇಲೊಂದು ಎರಡು ಜೊತೆ ರೆಕ್ಕೆಯ ಹಳೇ ಬೈಪ್ಲೇನ್ ಆದರೆ ವೇಗ ಏರಲು ಒಂದಿಷ್ಟು ಸಮಯ ಕೊಡುತ್ತದೆ. ಬೊನಾಂಜಾ ಕೆಲವೇ ಸೆಕೆಂಡುಗಳಲ್ಲಿ ಕೆಂಪು ಗೆರೆ, ಅಂದರೆ ಮೀರಬಾರದ ವೇಗದ ಮಿತಿ, ದಾಟುತ್ತದೆ. ಗಾಬರಿಯಾದ ಪೈಲಟ್ ಸ್ಟಿಯರಿಂಗನ್ನು ಎಳೆಯುತ್ತಾನೆ, ರೆಕ್ಕೆ ವಾಲಿಯೇ ಇರುವುದರಿಂದ ಸುರುಳಿ ಇನ್ನಷ್ಟು ಬಿಗಿಯಾಗುತ್ತದೆ. ಆಮೇಲೆ ಎರಡೇ ದಾರಿ: ನೆಲಕ್ಕೆ ಅಪ್ಪಳಿಸುವುದು, ಇಲ್ಲವೇ ಅದಕ್ಕೂ ಮೊದಲು ಬಾಲ ಅಥವಾ ರೆಕ್ಕೆ ಕಿತ್ತುಹೋಗುವುದು.

ಮೊದಲನೆಯದಕ್ಕೆ ಜಗತ್ತಿಗೆಲ್ಲ ಗೊತ್ತಿರುವ ಉದಾಹರಣೆ 1959ರ ಫೆಬ್ರವರಿ 3ರ ಅಪಘಾತ. ರಾಕ್ ಗಾಯಕ ಬಡ್ಡಿ ಹಾಲಿ, ರಿಚಿ ವ್ಯಾಲೆನ್ಸ್, ಜೆ.ಪಿ. ರಿಚರ್ಡ್‌ಸನ್ ಮೂವರೂ ಅಯೋವಾ ರಾಜ್ಯದ ಕ್ಲಿಯರ್ ಲೇಕ್‌ನಲ್ಲಿ ಹಾಡು ಮುಗಿಸಿ, ಮೇಸನ್ ಸಿಟಿಯಿಂದ ನಡುರಾತ್ರಿ ಒಂದು ಗಂಟೆಯ ಹೊತ್ತಿಗೆ ಬಾಡಿಗೆ ಬೊನಾಂಜಾ ಹತ್ತಿದರು. ಪೈಲಟ್‌ಗೆ 21 ವರ್ಷ. ಉಪಕರಣಗಳನ್ನಷ್ಟೇ ನೋಡಿ ಹಾರಿಸುವ ಪರವಾನಗಿ ಅವನಿಗಿರಲಿಲ್ಲ. ಹವಾಮಾನದ ಎಚ್ಚರಿಕೆಗಳು ಅವನಿಗೆ ತಲುಪಲೇ ಇಲ್ಲ. ವಿಮಾನದಲ್ಲಿದ್ದ ಸ್ಪೆರಿ ಎಫ್3 ಎಂಬ ಉಪಕರಣ, ಅವನು ಕಲಿತಿದ್ದ ಕೃತಕ ಕ್ಷಿತಿಜಕ್ಕೆ (ವಿಮಾನ ಎತ್ತ ವಾಲಿದೆ, ಮೂಗು ಮೇಲೋ ಕೆಳಗೋ ಎಂದು ತೋರಿಸುವ ಉಪಕರಣ) ಉಲ್ಟಾ: ಮೂಗು ಮೇಲೆ ಹೋದದ್ದನ್ನು ಇದು ತೋರಿಸುವ ರೀತಿಯೇ ಬೇರೆ. ಹಾರಿದ ಕೆಲವೇ ನಿಮಿಷಗಳಲ್ಲಿ ಬಲಕ್ಕೆ ವಾಲಿಕೊಂಡು, ಮೂಗು ತಗ್ಗಿಸಿ, ಗಂಟೆಗೆ ಸುಮಾರು 170 ಮೈಲಿ ವೇಗದಲ್ಲಿ ಹೊಲಕ್ಕೆ ಬಿತ್ತು. ನಾಲ್ವರೂ ಸತ್ತರು. ಎಂಜಿನ್ ಚೆನ್ನಾಗಿತ್ತು, ಮೈ ಗಟ್ಟಿಯಾಗಿತ್ತು, ವಿಮಾನಕ್ಕೆ ಆಗಿನ್ನೂ ಹನ್ನೆರಡೇ ವರ್ಷ. ಅಂಥ ಹವೆಯಲ್ಲಿ ಹೊರಟ ಪೈಲಟ್‌ನ ನಿರ್ಧಾರವನ್ನೇ ತನಿಖೆ ಮುಖ್ಯ ಕಾರಣ ಎಂದಿತು. ಹವಾಮಾನ ಮಾಹಿತಿಯ ಕೊರತೆ ಮತ್ತು ಪರಿಚಯವಿಲ್ಲದ ಆ ಉಪಕರಣ ಜೊತೆಗೆ ಸೇರಿದ ಕಾರಣಗಳು.

ಎರಡನೆಯದು, ಗಾಳಿಯಲ್ಲೇ ಮುರಿಯುವುದು, ವಿ ಬಾಲದ ಬೊನಾಂಜಾಗಳನ್ನು ದಶಕಗಳ ಕಾಲ ಕಾಡಿತು. ಅದೇ ಮೈ, ಅದೇ ರೆಕ್ಕೆ, ಆದರೆ ಮಾಮೂಲಿ ನೇರ ಬಾಲವಿದ್ದ ಅದರ ಸೋದರ ಮಾದರಿಗಳಲ್ಲಿ ಹೀಗಾಗುವುದು ತುಂಬಾ ಅಪರೂಪ. ಹಾಗಾದರೆ ಪೈಲಟ್ ಒಬ್ಬನದೇ ತಪ್ಪು ಹೇಗಾಗುತ್ತದೆ? ಕಂಪನಿ ಬಹುಕಾಲ ಪೈಲಟ್‌ಗಳತ್ತಲೇ ಬೊಟ್ಟು ಮಾಡಿತು. ನಿಜ ಏನೆಂದರೆ, 1951ರ ಸಿ35 ಮಾದರಿಯಿಂದ ಬಾಲದ ಹಲಗೆಗಳನ್ನು ಮುಂದಕ್ಕೆ ಅಗಲ ಮಾಡಿದ್ದರು, ಒಳಗಿನ ಆಧಾರದ ತೊಲೆ ಮಾತ್ರ ಇದ್ದಲ್ಲೇ ಉಳಿಯಿತು. ಮುಂಚಾಚಿದ ಅಂಚಿಗೆ ಬುಡದಲ್ಲಿ ಹಿಡಿತವಿಲ್ಲ. ಮಿತಿ ಮೀರಿದ ವೇಗದಲ್ಲಿ ಅದು ತಿರುಚಿಕೊಳ್ಳುತ್ತಿತ್ತು. ಕೊನೆಗೆ ಮಾಲೀಕರ ಸಂಘವೇ ಒತ್ತಾಯಿಸಿ ಸರ್ಕಾರಿ ಅಧ್ಯಯನ ಆಗಿ, 1987ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಆ ಅಂಚನ್ನು ವಿಮಾನದ ಮೈಗೆ ಬಿಗಿಯುವ ಲೋಹದ ಪಟ್ಟಿಯನ್ನು ಕಡ್ಡಾಯ ಮಾಡಿತು. ಅಲ್ಲಿಂದ ಮುಂದೆ ಇಂಥ ಮುರಿತಗಳು ಬಹಳ ಇಳಿದವು. ಡಿ35 ಈ ಪಟ್ಟಿ ಬೇಕಾದ ಗುಂಪಿನಲ್ಲೇ ಬರುತ್ತದೆ.

ಇಷ್ಟಾದ ಮೇಲೂ ಆ ಕಾಕ್‌ಪಿಟ್‌ನಲ್ಲಿ ಕೆಲವು ಕಿತಾಪತಿಗಳಿವೆ. ಚಕ್ರದ ಸ್ವಿಚ್ ಮತ್ತು ಫ್ಲ್ಯಾಪ್‌ನ (ಇಳಿಯುವಾಗ ರೆಕ್ಕೆಯ ಹಿಂಬದಿಯಲ್ಲಿ ಕೆಳಗೆ ಬಾಗಿಸುವ ಹಲಗೆ) ಸ್ವಿಚ್ ಈಗಿನ ವಿಮಾನಗಳಿಗೆ ಹೋಲಿಸಿದರೆ ಅದಲು ಬದಲು. ಇಳಿದು ರನ್‌ವೇ ಮೇಲೆ ಓಡುತ್ತಿರುವಾಗ ಫ್ಲ್ಯಾಪ್ ಮಡಚಲು ಹೋಗಿ ಚಕ್ರ ಮಡಚಿದವರು ಎಷ್ಟು ಮಂದಿಯೆಂದರೆ, 1980ರಲ್ಲಿ ಅಮೆರಿಕದ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ ಇದರ ಮೇಲೇ ಪ್ರತ್ಯೇಕ ವರದಿ ಬರೆಯಿತು. ಎಂಜಿನ್‌ಗೆ ಹೋಗಿ ಮಿಕ್ಕ ಪೆಟ್ರೋಲ್ ಎಡ ಟ್ಯಾಂಕಿಗೆ ಮಾತ್ರ ವಾಪಸಾಗುತ್ತದೆ. ಎಡ ಟ್ಯಾಂಕ್ ತುಂಬಿರುವಾಗ ಬಲಗಡೆಯದನ್ನು ಬಳಸಿದರೆ ಪೆಟ್ರೋಲ್ ಹೊರಗೆ ಚೆಲ್ಲಿಹೋಗುತ್ತದೆ, ಪೈಲಟ್ ತನ್ನಲ್ಲಿ ಇನ್ನೂ ಇದೆ ಅಂದುಕೊಂಡಿರುತ್ತಾನೆ. ಟ್ಯಾಂಕುಗಳು ರೆಕ್ಕೆಯ ಮುಂಭಾಗದಲ್ಲಿರುವುದರಿಂದ ಇಂಧನ ಖರ್ಚಾದಂತೆ ತೂಕ ಹಿಂದಕ್ಕೆ ಸರಿಯುತ್ತದೆ. ಹಿಂದಿನ ಸೀಟಿನಲ್ಲಿ ಇಬ್ಬರು ದೊಡ್ಡವರು, ಅವರ ಸೂಟ್‌ಕೇಸ್ ಇದ್ದರೆ ಹೊರಡುವಾಗ ಸರಿಯಿದ್ದ ಲೆಕ್ಕ ಇಳಿಯುವ ಹೊತ್ತಿಗೆ ತಪ್ಪಿರುತ್ತದೆ.

ಉಳಿದ ಹಳೇ ವಿಮಾನಗಳದ್ದು ಬೇರೆ ಸಮಸ್ಯೆ. ಅಮೆರಿಕದ ಪೈಪರ್ ಕಬ್, ಬ್ರಿಟನ್ನಿನ ಬೈಪ್ಲೇನ್ ಟೈಗರ್ ಮಾತ್, ನಮ್ಮ ಬೆಂಗಳೂರಿನ ಎಚ್‌ಎಎಲ್ ಕಟ್ಟಿ 1958ರಲ್ಲಿ ಮೊದಲು ಹಾರಿಸಿದ ಪುಷ್ಪಕ್, ಇವಕ್ಕೆಲ್ಲ ಮೂರನೇ ಆಧಾರ ಬಾಲದಡಿ. ಭಾರದ ಕೇಂದ್ರ ಮುಖ್ಯ ಚಕ್ರಗಳ ಹಿಂದೆ ಇರುವುದರಿಂದ ನೆಲದ ಮೇಲೆ ಒಮ್ಮೆ ಅಡ್ಡ ತಿರುಗಿದರೆ ತಾನೇ ಇನ್ನಷ್ಟು ತಿರುಗಿ ಗಿರಕಿ ಹೊಡೆಯುತ್ತದೆ. ಅಪಘಾತದ ಲೆಕ್ಕದಲ್ಲಿ ಇದು ತೀರಾ ಸಾಮಾನ್ಯ. ರೆಕ್ಕೆ ತುದಿ, ಚಕ್ರದ ಕಾಲು, ಪ್ರೊಪೆಲ್ಲರ್ ಹಾಳಾಗುತ್ತವೆ. ಜೀವ ಹೋಗುವುದು ವಿರಳ.

ಜೀವ ತೆಗೆಯುವುದು ಸ್ಟಾಲ್ ಮತ್ತು ಸ್ಪಿನ್. ಇಳಿಯುವ ಮುನ್ನ ಕೊನೆಯ ತಿರುವಿನಲ್ಲಿ, ಇಲ್ಲವೇ ಗೆಳೆಯನ ಮನೆ ಮೇಲೆ ಕೆಳಗೆ ಹಾರಿ ಕೈ ಬೀಸುವಾಗ, ವೇಗ ಸಾಲದೆ ರೆಕ್ಕೆ ಎತ್ತುವ ಶಕ್ತಿ ಕಳೆದುಕೊಳ್ಳುತ್ತದೆ, ಅದು ಸ್ಟಾಲ್; ಆಗ ಒಂದು ಬದಿಗೆ ಕುಸಿದು ಗಿರಗಿರನೆ ಸುತ್ತುತ್ತಾ ಬೀಳುವುದು ಸ್ಪಿನ್. 45 ಡಿಗ್ರಿ ವಾಲಿಸಿ ಎತ್ತರ ಕಾಯ್ದುಕೊಂಡು ತಿರುಗಿದರೆ ಸ್ಟಾಲ್ ಆಗುವ ವೇಗ ಸುಮಾರು 19% ಏರುತ್ತದೆ, 60 ಡಿಗ್ರಿಗೆ 41%. ಈಗಿನ ವಿಮಾನದಲ್ಲಿ ಮೊದಲೇ ಪೀಪಿ ಊದುತ್ತದೆ. ಕಬ್, ಟೈಗರ್ ಮಾತ್‌ಗಳಲ್ಲಿ ಅಂಥದ್ದೇನೂ ಇರಲಿಲ್ಲ, ಸ್ಟಿಕ್ ಸಡಿಲವಾದದ್ದನ್ನು ಅಂಗೈಯೇ ಹೇಳಬೇಕು. ಟೈಗರ್ ಮಾತ್‌ನಲ್ಲಿ ಐಲೆರಾನ್ (ವಿಮಾನವನ್ನು ಎಡಬಲಕ್ಕೆ ವಾಲಿಸುವ ಹಲಗೆ) ಕೆಳಗಿನ ರೆಕ್ಕೆಯಲ್ಲಿ ಮಾತ್ರ. ಕಾಲಿನಲ್ಲಿ ರಡ್ಡರ್, ಅಂದರೆ ಬಾಲದ ಚುಕ್ಕಾಣಿ, ಕೊಡದೆ ತಿರುಗಿಸಿದರೆ ಮೂಗು ಉಲ್ಟಾ ದಿಕ್ಕಿಗೆ ಜಾರುತ್ತದೆ. ಬರೀ ಕೈಯಲ್ಲಿ ಹಾರಿಸಿ ಕಲಿತವರು ಇಲ್ಲೇ ಎಡವುವುದು.

ಎಂಜಿನ್ ನಿಲ್ಲುವುದರಲ್ಲಿ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಒಳಗೆ ಕಟ್ಟಿಕೊಂಡು ಗಾಳಿಯ ದಾರಿ ಮುಚ್ಚುವ ಮಂಜುಗಡ್ಡೆಯದು ವಿಚಿತ್ರ ಕತೆ. ಪೆಟ್ರೋಲ್ ಆವಿಯಾಗುವಾಗ ಒಳಗಿನ ಉಷ್ಣತೆ ಇಪ್ಪತ್ತು ಡಿಗ್ರಿಗೂ ಮಿಕ್ಕಿ ಇಳಿಯಬಹುದು. ಹಾಗಾಗಿ ಹಿಮ ಬೀಳುವ ಊರೇ ಬೇಕಿಲ್ಲ. 20–22 ಡಿಗ್ರಿಯ, ತೇವ ತುಂಬಿದ ಜುಲೈ ತಿಂಗಳ ಬೆಂಗಳೂರಿನ ಬೆಳಗು ಇದಕ್ಕೆ ಹೇಳಿ ಮಾಡಿಸಿದಂತಿದೆ. ಕಬ್ ಮತ್ತು ಪುಷ್ಪಕ್‌ಗಳಲ್ಲಿರುವ ಸಣ್ಣ ಕಾಂಟಿನೆಂಟಲ್ ಎಂಜಿನ್‌ಗಳಿಗೆ ಈ ಕಾಯಿಲೆ ಜಾಸ್ತಿ. ಪುಷ್ಪಕ್‌ನದು 90 ಅಶ್ವಶಕ್ತಿ. ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣ ಸಮುದ್ರ ಮಟ್ಟಕ್ಕಿಂತ ಸುಮಾರು 3,000 ಅಡಿ ಮೇಲಿರುವುದರಿಂದ ಅಲ್ಲಿ ಕೈಗೆ ಸಿಗುವುದು ಎಂಬತ್ತರ ಆಸುಪಾಸು, ಏಪ್ರಿಲ್ ಮಧ್ಯಾಹ್ನ ಇನ್ನೂ ಕಡಿಮೆ. ಅಷ್ಟರಲ್ಲಿ ಎಂಜಿನ್ ಕೆಮ್ಮಿದರೆ ರನ್‌ವೇಗೆ ವಾಪಸ್ ತಿರುಗುವ ಆಸೆ ಬಿಟ್ಟು ಎದುರಿಗೆ ಸಿಕ್ಕಿದ ಬಯಲಿಗೆ ಇಳಿಸಬೇಕು. ತಿರುಗಲು ಹೋದವರು ಸ್ಪಿನ್ ಆಗಿ ಬಿದ್ದಿದ್ದಾರೆ.

ಈಗ ನಿಮ್ಮ ಮನೆಯವರ ನಿಜವಾದ ಭಯಕ್ಕೆ ಬರೋಣ, ತಗಡು ಮುರಿಯುವುದು. 2013ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕರಾವಳಿಯಲ್ಲಿ, ಸೌತ್ ಸ್ಟ್ರಾಡ್‌ಬ್ರೋಕ್ ದ್ವೀಪದ ಬಳಿ, ಒಂದು ಟೈಗರ್ ಮಾತ್ ಕಸರತ್ತು ಮಾಡುತ್ತಿದ್ದಾಗ ಎಡರೆಕ್ಕೆ ಕಳಚಿ ಸಮುದ್ರಕ್ಕೆ ಬಿತ್ತು. ಇಬ್ಬರು ಸತ್ತರು. ಎಡಬಲ ರೆಕ್ಕೆಗಳ ಭಾರವನ್ನು ಮೈ ಅಡ್ಡಲಾಗಿ ಹಿಡಿದಿಡುವ ಎರಡು ಉಕ್ಕಿನ ಸರಳುಗಳು ತಿರುಪಿನ ಮರೆ (ಥ್ರೆಡ್) ಇರುವ ಭಾಗದಲ್ಲಿ ಬಿರುಕು ಬಿಟ್ಟಿದ್ದವು. ಆದರೆ ಆ ಸರಳುಗಳು ಯುದ್ಧಕಾಲದವಲ್ಲ, ಆಮೇಲೆ ತಯಾರಾಗಿ ಬದಲಿಯಾಗಿ ಹಾಕಿದವು! 2,000 ಗಂಟೆ ಬಾಳಬೇಕಿದ್ದವು ಅದಕ್ಕೆ ಬಹಳ ಮೊದಲೇ ತುಂಡಾದವು.

ನಟ ಹ್ಯಾರಿಸನ್ ಫೋರ್ಡ್ 2015ರ ಮಾರ್ಚ್ 5ರಂದು ಸಾಂಟಾ ಮೋನಿಕಾದಿಂದ ಹಾರಿದ 1942ರ ರಯಾನ್ ವಿಮಾನದ ಎಂಜಿನ್ ಶಕ್ತಿ ಕಳೆದುಕೊಂಡು ಗಾಲ್ಫ್ ಮೈದಾನದಲ್ಲಿ ಬಿದ್ದದ್ದು ನೆನಪಿರಬಹುದು. ಕಾರಣ ಕಾರ್ಬ್ಯುರೇಟರ್ ಒಳಗಿನ ಒಂದು ಸಣ್ಣ ಜೆಟ್ (ಪೆಟ್ರೋಲ್ ಅಳತೆಯಲ್ಲಿ ಬಿಡುವ ತೂತಿನ ತುಂಡು) ತಿರುಪು ಸಡಿಲಿಸಿಕೊಂಡು ಕಳಚಿದ್ದು. ಪೆಟ್ರೋಲ್ ಅತಿಯಾಗಿ ಸುರಿಯಿತು. ಹೆಗಲ ಬೆಲ್ಟ್ ಇತ್ತು, ಅದನ್ನು ಆಮೇಲೆ ಸೀಟಿನ ಬೆನ್ನಿಗೆ ಗಟ್ಟಿ ಆಧಾರವಿಲ್ಲದೆ ಕೂರಿಸಿದ್ದರಿಂದ ಕಿತ್ತುಬಂತು, ಪೆಟ್ಟು ಹೆಚ್ಚಾಯಿತು. ಅಮೆರಿಕದಲ್ಲಿ ಸಣ್ಣ ವಿಮಾನಗಳ ಮುಂದಿನ ಸೀಟಿಗೆ ಹೆಗಲ ಬೆಲ್ಟ್ ಕಡ್ಡಾಯವಾದದ್ದು 1978ರ ಜುಲೈ ನಂತರ ತಯಾರಾದವಕ್ಕೆ ಮಾತ್ರ. ನಿಮ್ಮ ತಮ್ಮನ ವಿಮಾನದಲ್ಲಿ ಸೊಂಟದ ಬೆಲ್ಟ್ ಒಂದೇ ಇರಬಹುದು. ಬದುಕಿ ಉಳಿಯಬಹುದಾದ ಅಪಘಾತದಲ್ಲಿ ತಲೆ ಪ್ಯಾನೆಲ್‌ಗೆ ಬಡಿದು ಸಾಯುವುದು ಇದರಿಂದ.

ಹಾಗಾಗಿ 'ಕೊಳ್ಳಬೇಡ' ಅಂತ ನಾನು ಹೇಳುವುದಿಲ್ಲ. ಕೊಳ್ಳುವ ಮುನ್ನ ಬೊನಾಂಜಾ ಗೊತ್ತಿರುವ ಮೆಕ್ಯಾನಿಕ್ ಒಬ್ಬನಿಗೆ, ಮಾರುವವನ ಮೆಕ್ಯಾನಿಕ್‌ಗಲ್ಲ, ದುಡ್ಡು ಕೊಟ್ಟು ತೋರಿಸಲಿ. 1987ರ ಆ ಲೋಹದ ಪಟ್ಟಿ ಹಾಕಿದ್ದು ಲಾಗ್‌ಬುಕ್‌ನಲ್ಲಿ ಇದೆಯೇ, ಬಾಲದ ಮೇಲೆ ಕಣ್ಣಿಗೂ ಕಾಣುತ್ತದೆಯೇ? ಬಾಲದ ಚಲಿಸುವ ಹಲಗೆಗಳ ಹೊದಿಕೆ ಮೆಗ್ನೀಷಿಯಂ. ತುಕ್ಕು ಹಿಡಿದಿದ್ದರೆ ಬದಲಿ ಸಿಗುವುದೇ ಕಷ್ಟ. ಹೊಸದಾಗಿ ಬಣ್ಣ ಬಳಿದಿದ್ದರೆ ಅವುಗಳ ತೂಕದ ಸಮತೋಲನ ಮತ್ತೆ ಅಳೆದಿದ್ದಾರೆಯೇ ಎಂಬುದಕ್ಕೆ ಬರಹ ಬೇಕೇ ಬೇಕು. ಅದು ತಪ್ಪಿದರೆ ವೇಗದಲ್ಲಿ ಬಾಲ ನಡುಗಿ ಕಿತ್ತುಹೋಗಬಹುದು. ಹೆಗಲ ಬೆಲ್ಟನ್ನು ಅನುಮೋದಿತ ಕಿಟ್‌ನಿಂದಲೇ ಹಾಕಿಸಲಿ.

ಇನ್ನು ಅವನದೇ ವಿಷಯ. ಉಪಕರಣಗಳನ್ನಷ್ಟೇ ನೋಡಿ ಹಾರಿಸುವ ಪರವಾನಗಿ, ಅಂದರೆ ಇನ್‌ಸ್ಟ್ರುಮೆಂಟ್ ರೇಟಿಂಗ್, ಇಲ್ಲದಿದ್ದರೆ ವಿಮಾನಕ್ಕಿಂತ ಮೊದಲು ಅದಕ್ಕೆ ಖರ್ಚು ಮಾಡಲಿ. ಡಿ35ರಲ್ಲಿ ಸಾಮಾನ್ಯವಾಗಿ ಸ್ಟಿಯರಿಂಗ್ ಒಂದೇ, ಅದನ್ನು ಆಚೆ ಈಚೆ ಹೊರಳಿಸಬೇಕು; ಕಲಿಸುವವನ ಕೈಗೂ ಒಂದು ಇರುವ ಜೋಡಿ ಸ್ಟಿಯರಿಂಗ್ ಸಿಕ್ಕರೆ ಕಲಿಯುವ ತನಕ ಅದನ್ನು ಹಾಕಿಸಿಕೊಳ್ಳಲಿ. ಮೂವರು ಪಾಲುದಾರರಲ್ಲಿ ಯಾರಿಗೆ ಅನುಭವ ಕಡಿಮೆಯೋ ಅವರೂ ಅದೇ ತರಬೇತಿ ಮುಗಿಸುವ ತನಕ ಒಬ್ಬರೇ ಹಾರದಂತೆ ಪಾಲುಪತ್ರದಲ್ಲೇ ಬರೆಸಿಕೊಳ್ಳುವುದು ಒಳ್ಳೆಯದು. ಮೆಕ್ಯಾನಿಕ್‌ನ ವರದಿ ಬಂದ ಮೇಲೆ ಅದರಲ್ಲಿ ಏನಿದೆ ಅಂತ ಇಲ್ಲಿ ಬರೆಯಿರಿ, ನೋಡಿ ಹೇಳುತ್ತೇನೆ.