ಪ್ರಾಜೆಕ್ಟ್ ಮ್ಯಾನೇಜರ್ ಆದವ್ರು ಕ್ರಿಟಿಕಲ್ ಥಿಂಕಿಂಗ್ ಕಲಿಯೋದು ಹೇಗೆ? ಕೋರ್ಸ್ ಮಾಡ್ಲೇಬೇಕಾ?

ಪ್ರಾಜೆಕ್ಟ್ ಮ್ಯಾನೇಜರ್ ಆಗಿ ಆರು ತಿಂಗಳಾಯ್ತು, ಅಪ್ರೈಸಲ್‌ನಲ್ಲಿ "ಸ್ಟ್ರಕ್ಚರ್ಡ್ ಥಿಂಕಿಂಗ್ ಸಾಲದು" ಅಂತ ಬರ್ದಿದಾರೆ, ಹಂಗಂದ್ರೇನು ಸಾರ್ ಅಂತ ಕೇಳಿದ್ರೆ ಬರೆದವ್ರಿಗೇ ಹೇಳಕ್ಕೆ ಬರ್ಲಿಲ್ಲ ಅಂದಿದೀರಲ್ಲ, ಓದಿ ನಗು ಬಂತು, ಬೇಜಾರ್ ಮಾಡ್ಕೋಬೇಡಿ, ನಂಗೂ ಒಂದು ಕಾಲದಲ್ಲಿ ಇದೇ ಮಾತು ಹೇಳಿದ್ರು. ನಾನು ತುಮಕೂರಲ್ಲಿರೋದು, ವಸಂತನರಸಾಪುರ ಕಡೆ ಫ್ಯಾಕ್ಟರಿ ಪ್ರಾಜೆಕ್ಟ್‌ಗಳನ್ನ ನೋಡ್ಕೊತೀನಿ. ಸಾಫ್ಟ್‌ವೇರ್ ಅಲ್ಲ, ಸಿಮೆಂಟು ಕಬ್ಬಿಣ ಕೇಬಲ್ಲು.

ನನ್ ಅನುಭವದಲ್ಲಿ ಕ್ರಿಟಿಕಲ್ ಥಿಂಕಿಂಗ್, ಸ್ಟ್ರಕ್ಚರ್ಡ್ ಥಿಂಕಿಂಗ್ ಅನ್ನೋ ಈ ದೊಡ್ಡ ದೊಡ್ಡ ಹೆಸರಿನ ಹಿಂದೆ ಇರೋದು ಒಂದೇ ಅಭ್ಯಾಸ. ಪ್ಲಾನ್ ಶೀಟಲ್ಲಿರೋ ಪ್ರತಿ ಸಾಲಿಗೂ "ಇದು ನಂಗೆ ಹೇಗೆ ಗೊತ್ತು?" ಅಂತ ಕೇಳ್ಕೊಳೋದು. ಕಣ್ಣಾರೆ ನೋಡಿದ್ನಾ, ಯಾರೋ ಹೇಳಿದ್ರಾ, ಇಲ್ಲಾ ನಾನೇ ಅಂದ್ಕೊಂಡ್ನಾ. ನಾನು ಇದಕ್ಕೇ ಅಂತ ಎಕ್ಸೆಲ್‌ನಲ್ಲಿ ಒಂದು ಕಾಲಮ್ ಇಟ್ಟಿದೀನಿ.

ಆ ಕಾಲಮ್ ಬಂದಿದ್ದು ದುಡ್ಡು ಕಳ್ಕೊಂಡ್ಮೇಲೆ. ಒಂದು ಮೋಲ್ಡಿಂಗ್ ಮೆಷಿನ್ ಕೂರಿಸ್ಬೇಕಿತ್ತು, "ಫೌಂಡೇಶನ್ ರೆಡಿ ಸಾರ್" ಅಂದ್ರು, ನಾನು ಶೀಟಲ್ಲಿ ಮುಗೀತು ಅಂತ ಹಸಿರು ಬಣ್ಣ ಹಾಕ್ದೆ. ಟ್ರೈಲರ್ ಬಂತು, ಕ್ರೇನ್ ಬಂತು, ಮೆಷಿನ್ ಇಳಿಸಕ್ಕೆ ಹೋದ್ರೆ ಬೋಲ್ಟಿನ ಗುಂಡಿಗೂ ಮೆಷಿನ್ ಕಾಲಿನ ತೂತಿಗೂ 40 ಮಿಲಿಮೀಟರ್ ವ್ಯತ್ಯಾಸ! ಎಲ್ರೂ ನನ್ ಮುಖ ನೋಡ್ತಿದಾರೆ, ಕ್ರೇನ್ ಬಾಡಿಗೆ ಏರ್ತಾನೇ ಇದೆ. ಒಡೆದು ಮತ್ತೆ ಹಾಕಿ ಕಾಯೋದ್ರಲ್ಲಿ ಒಂದು ತಿಂಗಳ ಮೇಲೆ ಹೋಯ್ತು, ಕಾಂಕ್ರೀಟ್ ಬಲದ ಲೆಕ್ಕ 28 ದಿನಕ್ಕೆ, ಅದ್ರ ಹತ್ರ ಯಾರ ಇನ್‌ಫ್ಲುಯೆನ್ಸೂ ನಡೆಯಲ್ಲ.

ಆವತ್ತು ರಾತ್ರಿ ಕೂತು ಟೊಯೋಟಾದವ್ರ "ಐದು ಯಾಕೆ" ಮಾಡಿದೆ, ಅಂದ್ರೆ ಮೂಲ ಕಾರಣ ಸಿಗೋವರೆಗೂ ಪ್ರತಿ ಉತ್ತರಕ್ಕೂ ಯಾಕೆ ಅಂತ ಕೇಳ್ತಾ ಹೋಗೋದು. ಟೊಯೋಟಾ ಗ್ರೂಪ್ ಶುರು ಮಾಡಿದ ಸಕಿಚಿ ಟೊಯೋಡಾ ಹೇಳ್ಕೊಟ್ಟಿದ್ದು, ಅಲ್ಲಿನ ಇಂಜಿನಿಯರ್ ತೈಚಿ ಓನೋ ಫ್ಯಾಕ್ಟರಿಲಿ ರೂಢಿಗೆ ತಂದಿದ್ದು. ಯಾಕೆ ಕೂರ್ಲಿಲ್ಲ? ಹಳೇ ಡ್ರಾಯಿಂಗ್ ನೋಡಿ ಮಾಡಿದ್ರು. ಯಾಕೆ? ಹೊಸದು ಮೇಸ್ತ್ರಿ ನೋಡಿರ್ಲಿಲ್ಲ. ಯಾಕೆ? ನಾನು ಅದನ್ನ ವಾಟ್ಸಾಪ್ ಗ್ರೂಪಿಗೆ ಹಾಕಿದ್ದೆ, ಆವತ್ತೇ ಯಾರದೋ ಹುಟ್ಟಿದಬ್ಬ, ಕೇಕ್ ಫೋಟೋಗಳ ಮಧ್ಯೆ ಡ್ರಾಯಿಂಗ್ ಮುಳುಗೋಯ್ತು. ಗ್ರೂಪಿಗೆ ಯಾಕ್ ಹಾಕ್ದೆ? ಹಳೇ ಕಾಪಿ ಸೈಟಿಂದ ವಾಪಸ್ ತಗೊಂಡು, ಹೊಸದಕ್ಕೆ ಸೈನ್ ಹಾಕಿಸ್ಕೊಳೋ ಪದ್ಧತಿನೇ ನಮ್ಮಲ್ಲಿ ಇರ್ಲಿಲ್ಲ. ನಾಲ್ಕಕ್ಕೇ ಸಿಕ್ತು, ಐದೇ ಆಗ್ಬೇಕು ಅಂತೇನಿಲ್ಲ. ಆದ್ರೆ ಉತ್ತರದಲ್ಲಿ ಒಬ್ಬ ಮನುಷ್ಯನ ಹೆಸರು ಬಂದು ನಿಂತ್ರೆ ಇನ್ನೊಂದ್ ಸಲ ಕೇಳಿ. "ಮೇಸ್ತ್ರಿ ಸರಿಯಿಲ್ಲ" ಅಂತ ನಿಲ್ಲಿಸಿದ್ರೆ ಮೇಸ್ತ್ರಿ ಬದಲಾಗ್ತಾನೆ, ವಾಟ್ಸಾಪ್ ಗ್ರೂಪ್ ಹಂಗೇ ಇರುತ್ತೆ.

ಇದ್ರಲ್ಲೂ ಒಂದು ತೊಂದ್ರೆ ಇದೆ, ಒಂದೇ ದಾರೀಲಿ ಎಳ್ಕೊಂಡ್ ಹೋಗುತ್ತೆ. ಕಾಂಕ್ರೀಟ್ ಸುರಿಯೋ ಮುಂಚೆ ಯಾರೂ ಟೇಪ್ ಹಿಡಿದು ಯಾಕೆ ಅಳೀಲಿಲ್ಲ ಅನ್ನೋದು ಇನ್ನೊಂದು ದಾರಿ, ಅದು ನಂಗೆ ಹೊಳೆದಿದ್ದು ಎರಡು ವಾರ ಬಿಟ್ಟು. ಅದಕ್ಕೇ ಜಪಾನಿನ ಗುಣಮಟ್ಟ ತಜ್ಞ ಇಶಿಕಾವಾ ಅವ್ರ ಮೀನಿನ ಮುಳ್ಳಿನ ಚಿತ್ರ ಬರ್ಕೊಳಿ, ತಲೆ ಜಾಗದಲ್ಲಿ ಸಮಸ್ಯೆ, ಕಾರಣಗಳಿಗೆ ಜನ, ಮೆಷಿನ್, ಸಾಮಾನು, ವಿಧಾನ ಅಂತ ಒಂದೊಂದು ಮುಳ್ಳು.

ಸ್ಟ್ರಕ್ಚರ್ಡ್ ಥಿಂಕಿಂಗ್ ಅಂದ್ರೆ ಉತ್ತರ ಹುಡುಕೋ ಮೊದ್ಲು ಪ್ರಶ್ನೆ ಸರಿ ಇದೆಯಾ ನೋಡೋದು ಕೂಡ. ನಮ್ ಜಿಲ್ಲೆದೇ ಉದಾಹರಣೆ ಪಾವಗಡ ಸೋಲಾರ್ ಪಾರ್ಕ್. ಸುಮಾರು 13,000 ಎಕರೆ ಬೇಕು, "ಜಮೀನು ಕೊಳ್ಳೋದು ಹೇಗೆ" ಅಂತ ಹೊರಟಿದ್ರೆ ಇನ್ನೂ ಕೋರ್ಟಲ್ಲೇ ಇರ್ತಿದ್ರು ಅನ್ಸುತ್ತೆ. ಕೊಳ್ಳೋದು ಬೇಡ, ಬಳಸಕ್ಕೆ ಸಿಕ್ರೆ ಸಾಕಲ್ವಾ ಅಂತ ರೈತರಿಂದ ಗುತ್ತಿಗೆಗೆ ತಗೊಂಡ್ರು, ಎಕರೆಗೆ ವರ್ಷಕ್ಕೆ 21,000 ರೂಪಾಯಿಂದ ಶುರು, ಪಹಣಿ ರೈತರ ಹೆಸರಲ್ಲೇ. 2019ರ ಕೊನೆಗೆ 2,050 ಮೆಗಾವ್ಯಾಟ್ ಪೂರ್ತಿ ಆಯ್ತು. ಆದ್ರೆ ಮಳೆ ನಂಬ್ಕೊಂಡು ಆ ಹೊಲಗಳಲ್ಲಿ ಕೂಲಿ ಮಾಡ್ತಿದ್ದ, ಜಮೀನೇ ಇಲ್ಲದವ್ರಿಗೆ ಯಾವ ಗುತ್ತಿಗೆ ಹಣ? "ಜಮೀನು ಯಾರದು" ಅನ್ನೋ ಪ್ರಶ್ನೆಯೊಳಗೆ ಅವ್ರು ಬರಲೇ ಇಲ್ಲ. ಪ್ರಶ್ನೆ ಬದಲಾಯಿಸಿದ್ಮೇಲೂ ಇದ್ರಿಂದ ಆಚೆ ಯಾರು ಉಳಿದ್ರು ಅಂತ ನೋಡ್ಬೇಕು, ನಾನಿನ್ನೂ ಅದನ್ನ ಮರೀತಾನೇ ಇರ್ತೀನಿ.

ದಿನಾಂಕ ಕೊಡುವಾಗ ಒಂದೇ ನಂಬರ್ ಕೊಡಬೇಡಿ. 1958ರಲ್ಲಿ ಅಮೆರಿಕಾ ನೌಕಾಪಡೆ ಪೊಲಾರಿಸ್ ಕ್ಷಿಪಣಿಗೆ ಮಾಡ್ಕೊಂಡ ಪರ್ಟ್ ಲೆಕ್ಕ ಸಾಕು, ಒಂದರ ಬದಲು ಮೂರು ಅಂದಾಜು ಹಾಕೋದು. ಪ್ಯಾನಲ್ ಬೋರ್ಡ್ ಬೇಗ ಬಂದ್ರೆ 20 ದಿನ, ಸಾಮಾನ್ಯವಾಗಿ 30, ಕೆಟ್ರೆ 70. ನಡುವಿನದನ್ನ ನಾಲ್ಕು ಪಟ್ಟು ಮಾಡಿ, ಉಳಿದೆರಡನ್ನೂ ಕೂಡಿ, ಆರರಿಂದ ಭಾಗಿಸಿದ್ರೆ 35. ಆ 70 ಯಾಕೆ ಅಂತ ಕೇಳಿದಾಗ್ಲೇ ನಿಜ ಹೊರಗೆ ಬರೋದು.

ಇನ್ನೊಂದು ಪ್ರೀ ಮಾರ್ಟಮ್, ಅಮೆರಿಕಾದ ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ 2007ರಲ್ಲಿ ಬರೆದಿದ್ದು. ಕೆಲಸ ಶುರುವಾಗೋ ಮೊದ್ಲೇ ಎಲ್ರನ್ನೂ ಕೂರಿಸಿ "ಪ್ರಾಜೆಕ್ಟ್ ಕೆಟ್ಟೋಯ್ತು ಅಂತ ಇಟ್ಕೊಳಿ, ಯಾಕೆ ಕೆಡ್ತು ಹೇಳಿ" ಅನ್ನೋದು. ಸುಮ್ನೆ "ಏನಾದ್ರೂ ಪ್ರಾಬ್ಲಮ್ ಇದೆಯಾ" ಅಂದ್ರೆ ಎಲ್ರೂ "ಏನಿಲ್ಲ ಸಾರ್, ಆಗೋಗುತ್ತೆ". ಹಿಂಗೆ ಕೇಳಿದಾಗ, ಯಾವತ್ತೂ ಬಾಯಿ ಬಿಡದ ನಮ್ ಎಲೆಕ್ಟ್ರಿಷಿಯನ್ "ಕೇಬಲ್ ಎಳೆಯೋ ವಾರನೇ ಶಿವರಾತ್ರಿ ಸಾರ್, ಸಿದ್ಧಗಂಗೆ ಜಾತ್ರೆ, ನಮ್ ಹುಡುಗ್ರು ಒಬ್ರೂ ಸಿಗಲ್ಲ" ಅಂದ. ಯಾವ ಕೆಲಸ ಯಾವ ವಾರ ಅಂತ ತೋರ್ಸೋ ನನ್ ಗ್ಯಾಂಟ್ ಚಾರ್ಟಲ್ಲಿ ಜಾತ್ರೆ ಎಲ್ಲಿತ್ತು.

ಒಂದು ಎಚ್ಚರಿಕೆ ಮಾತ್ರ, "ನಿಮಗೆ ಹೇಗೆ ಗೊತ್ತು?" ಅಂತ ವಯಸ್ಸಾದ ಕಂಟ್ರಾಕ್ಟರ್‌ನ ನೇರ ಕೇಳಬೇಡಿ, ನನ್ನೇ ಅನುಮಾನ ಪಡ್ತೀಯಾ ಅಂತ ಎದ್ದು ಹೋಗ್ತಾರೆ. ನಾನು "ಅಣ್ಣ, ಟೇಪ್ ಇಟ್ಟು ಒಂದ್ ಫೋಟೋ ಕಳ್ಸಿ, ಮೇಲಿನವ್ರು ಕೇಳ್ತಾರೆ" ಅಂತೀನಿ. ಮೇಲಿನವ್ರು ಯಾರೂ ಕೇಳಲ್ಲ.

ಕೋರ್ಸ್ ವಿಷ್ಯ: ಪಿಎಂಪಿ ಅನ್ನೋ ಪ್ರಾಜೆಕ್ಟ್ ಮ್ಯಾನೇಜರ್ ಸರ್ಟಿಫಿಕೇಟ್‌ಗೆ ಸಾಮಾನ್ಯವಾಗಿ 35 ಗಂಟೆ ಕ್ಲಾಸ್ ಬೇಕು, ಕಂಪನಿ ದುಡ್ಡು ಕೊಟ್ರೆ ಮಾಡಿ, ಕೈಯಿಂದ ಹಾಕಬೇಡಿ. ಮೊದ್ಲು ಈ ವಾರದ ಸ್ಟೇಟಸ್ ಶೀಟ್ ತೆಗ್ದು, ಹಸಿರು ಬಣ್ಣ ಇರೋ ಸಾಲುಗಳಲ್ಲಿ ನೀವು ಹೋಗಿ ನೋಡಿರೋದು ಎಷ್ಟು ಅಂತ ಎಣಿಸಿ, ಕಾಮೆಂಟಲ್ಲಿ ಹಾಕಿ. ನಂದು ಮೊದಲ ಸಲ 22 ಸಾಲಲ್ಲಿ 6 ಇತ್ತು.