ಪ್ರತಿಕ್ರಿಯೆ: ಅಚಿಬೆಯವರ ಕಾದಂಬರಿಯನ್ನು ಚರಿತ್ರೆಯ ಆಕರವಾಗಿ ಬಳಸುವ ಬಗೆ

ನೈಜೀರಿಯಾದ ಲೇಖಕ ಚಿನುವಾ ಅಚಿಬೆಯವರ 1958ರ ಕಾದಂಬರಿ ‘ಥಿಂಗ್ಸ್ ಫಾಲ್ ಅಪಾರ್ಟ್’ ಕುರಿತ ನಿಮ್ಮ ಪ್ರಬಂಧವನ್ನು ಮಾರ್ಗದರ್ಶಕರು ‘ಇದು ಚರಿತ್ರೆಯಲ್ಲ, ಕಥೆ’ ಎಂದು ಹಿಂದಿರುಗಿಸಿದ್ದಾಗಿ ಬರೆದು, ಅದನ್ನು ಹೇಗೆ ತಿದ್ದಬೇಕೆಂದು ಕೇಳಿದ್ದೀರಿ. ಕಾದಂಬರಿಯ ಕಲ್ಪಿತ ಊರಾದ ಉಮುವೋಫಿಯದ ಘಟನೆಗಳನ್ನೇ ನೀವು ದಾಖಲೆಯೆಂದು ಉಲ್ಲೇಖಿಸಿದ್ದು ಇದಕ್ಕೆ ಕಾರಣವಿರಬೇಕು. ಪ್ರಬಂಧವನ್ನು ನೋಡದೆ ಇದಕ್ಕಿಂತ ಖಚಿತವಾಗಿ ಹೇಳಲಾರೆ. ಮೊದಲು ಕಥಾವಸ್ತುವನ್ನು ಬದಿಗಿಟ್ಟು, ಅತಿಥಿಯೊಂದಿಗೆ ಕೋಲಾ ಬೀಜ ಒಡೆಯುವುದು, ಯಾಮ್ ಗೆಡ್ಡೆಯ ನಾಟಿಗೆ ಮುಂಚಿನ, ಯಾರೂ ಜಗಳವಾಡಬಾರದ ಶಾಂತಿವಾರ ಮೊದಲಾದ ನೈಜೀರಿಯಾದ ಇಗ್ಬೊ ಜನರ ಆಚರಣೆಗಳನ್ನು ಮಾನವಶಾಸ್ತ್ರದ ಬರಹಗಳೊಂದಿಗೆ ತಾಳೆ ನೋಡಿ. ಅನಂತರ ಕಾದಂಬರಿಯಲ್ಲಿ ಬರುವ ಅಬಾಮೆ ಎಂಬ ಊರಿನ ಪ್ರಸಂಗಕ್ಕೆ ಬನ್ನಿ. ಸೈಕಲ್ಲಿನಲ್ಲಿ ಬಂದ ಬಿಳಿಯನನ್ನು ಕೊಂದ ಊರಿನವರು ಆ ಸೈಕಲ್ಲನ್ನು ತಮ್ಮ ಪವಿತ್ರ ಮರಕ್ಕೆ ಕಟ್ಟಿಹಾಕುತ್ತಾರೆ (ಅದು ಓಡಿಹೋಗಿ ಸುದ್ದಿ ಮುಟ್ಟಿಸೀತೆಂಬ ಭಯ!), ಮುಂದೆ ಸಂತೆಯ ದಿನವೇ ಬಿಳಿಯರಿಂದ ಊರು ನಾಶವಾಗುತ್ತದೆ. ಇದನ್ನು 1905ರಲ್ಲಿ ಇಗ್ಬೊ ನಾಡಿನ ಅಹಿಯಾರಾದಲ್ಲಿ ನಿಜವಾಗಿ ನಡೆದ ಬ್ರಿಟಿಷ್ ವೈದ್ಯ ಡಾ. ಸ್ಟೀವರ್ಟ್ ಹತ್ಯೆ ಹಾಗೂ ಆ ಬಳಿಕದ ಬ್ರಿಟಿಷರ ದಂಡಯಾತ್ರೆಯ ದಾಖಲೆಗಳ ಪಕ್ಕದಲ್ಲಿಟ್ಟು ಓದಿ, ಕಡತಗಳಲ್ಲಿ ಸಿಗದ ಊರಿನವರ ನೋಟ ಕಾದಂಬರಿಯಲ್ಲಿ ಎಲ್ಲೆಲ್ಲಿದೆಯೋ ಅದನ್ನೇ ನಿಮ್ಮ ವಾದವಾಗಿಸಿ.