ಕಿಟಕಿ ಪಕ್ಕ ಕೂತವರೂ ಊರು ನೋಡಿದವರೇ

ಓದುಗರ ಪತ್ರ: ಸಂಪಾದಕರೇ, ನಮ್ಮ ಮಗ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದಾನೆ. ಬರುವ ವರ್ಷ ನಮ್ಮಿಬ್ಬರನ್ನೂ ಕರೆಸಿಕೊಂಡು, ಸ್ವಿಜರ್ಲ್ಯಾಂಡಿನ ಬಾಸೆಲ್‌ನಿಂದ ಆಮ್‌ಸ್ಟರ್‌ಡ್ಯಾಮ್ ತನಕ ರೈನ್ ನದಿಯಲ್ಲಿ ಒಂದು ವಾರದ ಕ್ರೂಸ್‌ಗೆ ಕಳಿಸುತ್ತೇನೆ ಅನ್ನುತ್ತಾನೆ. ನನಗೆ ಮನಸ್ಸಿದೆ. ಬಸ್ಸಾಗಲಿ ರೈಲಾಗಲಿ, ಕಿಟಕಿ ಪಕ್ಕ ಕೂತು ನೋಡುವುದೇ ನನಗೆ ಖುಷಿ. ನಮ್ಮ ಮನೆಯವರು ಬ್ಯಾಂಕಿನಿಂದ ನಿವೃತ್ತರಾದವರು, ಓಡಾಟದ ಮನುಷ್ಯ. ‘ಹಡಗಲ್ಲಿ ಕೂತರೆ ಏನು ನೋಡಿದ ಹಾಗಾಯ್ತು? ಅದೇ ದುಡ್ಡಿಗೆ ಬಸ್ಸಿನಲ್ಲಿ ಎಂಟು ದೇಶ ನೋಡಬಹುದು’ ಅನ್ನುತ್ತಾರೆ. ನಮ್ಮಂಥವರಿಗೆ ನದಿ ಪ್ರಯಾಣ ಸರಿಹೋಗುತ್ತದಾ?
– ಒಬ್ಬ ಓದುಗರು, ಬ್ರಹ್ಮಾವರ

ಅಕ್ಕಾ, ಹೋಗಿ ಬನ್ನಿ.

ಉತ್ತರ ಇಷ್ಟೇ. ಆದರೆ ‘ಏನು ನೋಡಿದ ಹಾಗಾಯ್ತು’ ಅನ್ನುವ ಆ ಮಾತು ನನ್ನನ್ನು ಸುಮ್ನೆ ಕೂರಲು ಬಿಡುತ್ತಿಲ್ಲ. ಅದಕ್ಕೇ ಈ ಸಲ ಬೇರೆ ಪತ್ರಗಳನ್ನು ಬದಿಗಿಟ್ಟು ನಿಮ್ಮದೊಂದಕ್ಕೇ ಬರೆಯುತ್ತಿದ್ದೇನೆ.

ಭಾವನವರ ಮಾತಿನಲ್ಲಿ ಹುರುಳಿಲ್ಲ ಅಂತ ಹೇಳುವುದಿಲ್ಲ. ಹಡಗು ನದಿ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಆಲ್ಪ್ಸ್ ಹಿಮವೂ ಬೇಕು, ರೋಮೂ ಬೇಕು, ಪ್ಯಾರಿಸೂ ಬೇಕು ಅನ್ನುವವರಿಗೆ ಅದು ಆಗದು. ಖರ್ಚು ಜಾಸ್ತಿ. ಒಂದು ಊರು ಹಿಡಿಸಿತು, ಇನ್ನೆರಡು ದಿನ ಇಲ್ಲೇ ಇರೋಣ ಅಂದರೆ ಹಡಗು ಕಾಯುವುದಿಲ್ಲ. ಇಷ್ಟು ಒಪ್ಪಿದೆ.

ಈಗ ಇನ್ನೊಂದು ಕಡೆ. ನಮ್ಮ ಪರಿಚಯದ ದಂಪತಿ ಯುರೋಪಿಗೆ ಬಸ್ ಪ್ರವಾಸ ಹೋಗಿ ಬಂದರು. ಬೆಳಿಗ್ಗೆ ಆರಕ್ಕೆ ಸೂಟ್‌ಕೇಸ್ ಕೋಣೆಯ ಹೊರಗೆ ಇಡಬೇಕು, ಏಳಕ್ಕೆ ತಿಂಡಿ, ಏಳೂವರೆಗೆ ಬಸ್. ಗಂಡ ದೇಶಗಳ ಹೆಸರನ್ನು ಸಾಲಾಗಿ ಹೇಳಿದರು. ನಿಮಗೆ ಏನು ನೆನಪಿದೆ ಅಂತ ಹೆಂಡತಿಯ ಹತ್ತಿರ ಕೇಳಿದೆ. ‘ದಿನಾ ರಾತ್ರಿ ಬಟ್ಟೆ ಮಡಚಿ ಇಟ್ಟದ್ದು’ ಅಂದರು. ತಮಾಷೆಗೆ ಹೇಳಿದ್ದಲ್ಲ ಅದು. ನಮ್ಮ ಮನೆಗಳಲ್ಲಿ ಪ್ರವಾಸದ ಲೆಕ್ಕವನ್ನು ಗಂಡಸರು ದೇಶಗಳಲ್ಲಿ ಹಾಕುತ್ತಾರೆ. ಪ್ರತಿ ಊರಲ್ಲೂ ಪೆಟ್ಟಿಗೆ ಬಿಚ್ಚಿ, ಮಾತ್ರೆ ಹುಡುಕಿ, ಒದ್ದೆ ಟವೆಲ್ ಒಣಗಿಸಿ, ಮತ್ತೆ ಕಟ್ಟಿ ಬೀಗ ಹಾಕುವವರು ಯಾರು ಅನ್ನುವುದು ಆ ಲೆಕ್ಕದಲ್ಲಿ ಬರುವುದೇ ಇಲ್ಲ. ನದಿ ಹಡಗಿನಲ್ಲಿ ಪೆಟ್ಟಿಗೆ ಬಿಚ್ಚುವುದು ಒಂದೇ ಸಲ. ಊರುಗಳೇ ನಿಮ್ಮ ಹತ್ತಿರ ಬರುತ್ತವೆ. ನನ್ನ ಮಟ್ಟಿಗೆ ಈ ಒಂದು ಕಾರಣವೇ ಸಾಕು.

ಸಮುದ್ರದ ಕ್ರೂಸ್ ಅಂದುಕೊಂಡು ಹೆದರಬೇಡಿ. ಅಲ್ಲಿ ಸಾವಿರಗಟ್ಟಲೆ ಜನ, ಅಲೆ, ವಾಂತಿ. ರೈನ್, ಡ್ಯಾನ್ಯೂಬ್‌ಗಳಲ್ಲಿ ಓಡುವುದು ಸಪೂರ ಹಡಗುಗಳು. ದೊಡ್ಡದು ಅಂದರೆ 135 ಮೀಟರ್ ಉದ್ದ, ಹನ್ನೊಂದೂವರೆ ಮೀಟರ್ ಅಗಲ, ಇನ್ನೂರರ ಒಳಗೆ ಜನ. ಅಷ್ಟು ಸಪೂರ ಯಾಕೆಂದರೆ ಈ ಎರಡು ನದಿಗಳನ್ನು ಸೇರಿಸುವ ಕಾಲುವೆಯ ಲಾಕ್‌ಗಳ, ಅಂದರೆ ಹಡಗನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಗೇಟಿನ ತೊಟ್ಟಿಗಳ, ಅಗಲವೇ 12 ಮೀಟರ್. ಲಾಕ್ ನೋಡುವುದೇ ಒಂದು ಕೆಲಸ ಅಕ್ಕಾ. ಹಡಗು ಎರಡು ಗೇಟುಗಳ ನಡುವೆ ನಿಲ್ಲುತ್ತದೆ, ಹಿಂದಿನ ಗೇಟು ಮುಚ್ಚುತ್ತದೆ, ನೀರು ಮೆಲ್ಲ ಇಳಿಯುತ್ತದೆ, ಪಕ್ಕದ ಕಾಂಕ್ರೀಟ್ ಗೋಡೆ ಎತ್ತರವಾಗುತ್ತಾ ಹೋಗುತ್ತದೆ, ಆಮೇಲೆ ಮುಂದಿನ ಗೇಟು ತೆರೆಯುತ್ತದೆ. ಬಾಸೆಲ್‌ನಿಂದ ಇಫೆಟ್ಸ್‌ಹೈಮ್ ತನಕ ಇಂಥವು 10 ಇವೆ. ಭಾವನವರು ಒಮ್ಮೆ ಡೆಕ್ ಮೇಲೆ ನಿಂತು ಇದನ್ನು ನೋಡಲಿ, ಆಮೇಲೆ ಮಾತಾಡೋಣ.

ಅವರಿಗೆ ಓಡಾಟಕ್ಕೂ ಕಡಿಮೆ ಇಲ್ಲ. ಹಡಗು ಹೆಚ್ಚಾಗಿ ಪೇಟೆಯ ಬುಡದಲ್ಲೇ ನಿಲ್ಲುತ್ತದೆ. ಕಲೋನ್‌ನಲ್ಲಿ ದಂಡೆಯಿಂದ ನಡೆದೇ ಆ ದೊಡ್ಡ ಕೆಥೆಡ್ರಲ್‌ಗೆ ಹೋಗಬಹುದು. ಅವರು ಹೋಗಿ ಸುತ್ತಿ ಬರಲಿ. ನಿಮಗೆ ಕಾಲು ನೋವಾದರೆ ನೀವು ಕುರ್ಚಿಯಲ್ಲಿ ಕೂತು ಎದುರು ದಡ ನೋಡಿ. ಬಸ್ ಪ್ರವಾಸದಲ್ಲಿ ಇಬ್ಬರಿಗೂ ಒಂದೇ ಓಟ.

ಆದರೆ ಕಿಟಕಿ ಪ್ರಿಯರಾದ ನಿಮಗೆ ಒಂದು ಎಚ್ಚರಿಕೆ. ಇದನ್ನು ಏಜೆಂಟರು ತಾವಾಗಿ ಹೇಳುವುದು ಕಡಿಮೆ. ಬಹಳಷ್ಟು ಹಡಗುಗಳು ಹಗಲು ಊರಲ್ಲಿ ನಿಂತು ರಾತ್ರಿ ಓಡುತ್ತವೆ. ನೀವು ಮಲಗಿದಾಗ ದಾರಿ ಮುಗಿದಿರುತ್ತದೆ. ಹಾಗಾಗಿ ವೇಳಾಪಟ್ಟಿ ತರಿಸಿಕೊಂಡು ಯಾವ ಭಾಗ ಹಗಲಲ್ಲಿ ಸಿಗುತ್ತದೆ ಅಂತ ನೋಡಿ. ರೈನ್‌ನಲ್ಲಿ ಬಿಂಗೆನ್, ರ್‍ಯೂಡೆಸ್‌ಹೈಮ್‌ನಿಂದ ಕೊಬ್ಲೆನ್ಜ್ ತನಕ ಸುಮಾರು 65 ಕಿಲೋಮೀಟರ್ ಕಣಿವೆ ಇದೆ, ಗುಡ್ಡಗುಡ್ಡಕ್ಕೂ ಹಳೇ ಕೋಟೆ, ಕೆಳಗೆ ದ್ರಾಕ್ಷಿ ತೋಟ. 2002ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಜಾಗ. ಅದು ಹಗಲು ಸಿಗದಿದ್ದರೆ ಆ ಹಡಗೇ ಬೇಡ. ಕೆಳ ಮಹಡಿಯ ಕೋಣೆಯೂ ಬೇಡ. ಅಗ್ಗ ನಿಜ, ಆದರೆ ಅಲ್ಲಿ ಕಿಟಕಿ ಅಂದರೆ ಮೇಲೆ ಒಂದು ಪಟ್ಟಿ ಗಾಜು, ತೆರೆಯಲು ಬರುವುದಿಲ್ಲ. ಮೇಲಿನ ಕೋಣೆ ತಗೊಂಡರೂ ಕೆಲವು ಊರುಗಳಲ್ಲಿ ಎರಡು ಮೂರು ಹಡಗು ಒಂದರ ಪಕ್ಕ ಒಂದು ಕಟ್ಟಿರುತ್ತಾರೆ, ಪರದೆ ಸರಿಸಿದರೆ ಇನ್ನೊಬ್ಬರ ಕೋಣೆ ಕಾಣುತ್ತದೆ. ಆಗ ಡೆಕ್‌ಗೆ ಹೋಗಿ. ಇನ್ನು ನೀರಿನ ಮಟ್ಟ. 2018ರಲ್ಲಿ, ಮತ್ತೆ 2022ರಲ್ಲಿ ಬರದಿಂದ ರೈನ್ ತುಂಬಾ ಇಳಿದಿತ್ತು. ನೀರು ತೀರಾ ಕಮ್ಮಿಯಾದರೂ ಕಷ್ಟ, ಏರಿದರೆ ಸೇತುವೆ ಅಡಿ ನುಸುಳಲು ಆಗುವುದಿಲ್ಲ. ಎರಡರಲ್ಲೂ ನಿಮ್ಮನ್ನು ಬಸ್ಸಿಗೆ ಹತ್ತಿಸುತ್ತಾರೆ. ಹಾಗಾದಾಗ ದುಡ್ಡು ವಾಪಸ್ ಇದೆಯಾ ಅಂತ ಬರಹದಲ್ಲಿ ತಗೊಳ್ಳಿ.

ಊಟ? ಸಸ್ಯಾಹಾರ ಬೇಕಿದ್ದರೆ ಮೊದಲೇ ಬರೆದು ತಿಳಿಸಿ. ಕುಚ್ಚಲಕ್ಕಿ ಗಂಜಿ ಸಿಗುವುದಿಲ್ಲ, ಉಪ್ಪಿನಕಾಯಿ ಒಯ್ಯಿರಿ.

ನನ್ನ ಸ್ನೇಹಿತರೊಬ್ಬರು ಈಜಿಪ್ಟಿನಲ್ಲಿ ಲಕ್ಸರ್‌ನಿಂದ ಅಸ್ವಾನ್‌ಗೆ ನೈಲ್ ಮೇಲೆ ಹೋದವರು. ದೇವಸ್ಥಾನಗಳ ಬಗ್ಗೆ ಅವರು ಹೇಳಿದ್ದು ಕಡಿಮೆ. ಎಸ್ನಾ ಲಾಕ್‌ನಲ್ಲಿ ಹಡಗು ಸರದಿ ಕಾಯುವಾಗ ಸಣ್ಣ ದೋಣಿಗಳಲ್ಲಿ ವ್ಯಾಪಾರಿಗಳು ಬಂದು, ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೇಲಿನ ಡೆಕ್‌ಗೆ ಎಸೆಯುತ್ತಾರಂತೆ, ಚೌಕಾಸಿ ಎಲ್ಲ ಕೂಗಿಕೊಂಡೇ, ಒಪ್ಪಿಗೆಯಾದರೆ ದುಡ್ಡನ್ನು ಅದೇ ಚೀಲದಲ್ಲಿ ಕೆಳಗೆ ಎಸೆಯಬೇಕು. ಗಂಟೆಗಟ್ಟಲೆ ಇದನ್ನೇ ವಿವರಿಸಿದರು. ಕೂತವರಿಗೇ ಇಂಥದ್ದೆಲ್ಲ ಕಾಣುವುದು.

ನಾವು ಕರಾವಳಿಯವರು ಇದನ್ನು ಮರೆತದ್ದು ನನಗೆ ನಿಜಕ್ಕೂ ನೋವು. ಬಾಸೆಲ್ ಅನ್ನುವ ಹೆಸರು ನಮಗೆ ಹೊಸದಲ್ಲ, ಅಲ್ವಾ? ಅದೇ ರೈನ್ ದಂಡೆಯ ಊರಿನ ಮಿಶನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದು ನೇತ್ರಾವತಿ ಪಕ್ಕದಲ್ಲೇ, ಯಾಕೆಂದರೆ ಆವೆಮಣ್ಣು ಬರುತ್ತಿದ್ದದ್ದು ದೋಣಿಯಲ್ಲಿ. ನಮ್ಮ ಅಜ್ಜಿಯಂದಿರು ಮದುವೆಯಾಗಿ ಕಡವಿನ ದೋಣಿಯಲ್ಲಿ ಹೊಳೆ ದಾಟಿ ಬಂದವರು. ಈಗ ಉಳ್ಳಾಲದ ಸೇತುವೆ ಮೇಲೆ ಎರಡು ನಿಮಿಷ, ಅದೂ ಫೋನ್ ನೋಡುತ್ತಾ. ಕೆಲವರು ಕಾರು ನಿಲ್ಲಿಸುವುದು ಕಸದ ಚೀಲ ಎಸೆಯಲಿಕ್ಕೆ. ನದಿ ಕಾಣುವ ಫ್ಲ್ಯಾಟ್ ಅಂತ ಜಾಸ್ತಿ ದುಡ್ಡಿಗೆ ಮಾರುತ್ತಾರೆ, ನೀರಿಗೆ ಇಳಿಯಲು ಒಂದು ಮೆಟ್ಟಿಲು ಕಟ್ಟುವುದಿಲ್ಲ. 2016ರ ಕಾನೂನಿನಲ್ಲಿ ದೇಶದ 111 ರಾಷ್ಟ್ರೀಯ ಜಲಮಾರ್ಗಗಳ ಪಟ್ಟಿ ಇದೆ. ನೇತ್ರಾವತಿ, ಗುರುಪುರ, ಉದ್ಯಾವರ, ಪಂಚಗಂಗಾವಳಿ, ಎಲ್ಲವೂ ಅದರಲ್ಲಿವೆ. ಆದರೆ ನಮ್ಮವರು ದಿನಾ ದಾಟುವುದು ಇವತ್ತಿಗೂ ಬೆಂಗ್ರೆ, ತಣ್ಣೀರುಬಾವಿಯ ಕಡವಿನ ದೋಣಿಗಳಲ್ಲೇ. 2023ರ ಜನವರಿಯಲ್ಲಿ ವಾರಣಾಸಿಯಿಂದ ದಿಬ್ರುಗಢಕ್ಕೆ ಗಂಗಾ ವಿಲಾಸ್ ಹಡಗು ಹೊರಟಿತು, 51 ದಿನ, 3,200 ಕಿಲೋಮೀಟರ್. ಅದರ ಮೊದಲ ಪ್ರಯಾಣಿಕರು ಸ್ವಿಜರ್ಲ್ಯಾಂಡಿನ 32 ಜನ. ನಮ್ಮ ನದಿಯನ್ನು ಕೂತು ನೋಡಲು ಅಷ್ಟು ದೂರದಿಂದ ಬಂದರು ಅವರು.

ನಿಮ್ಮನ್ನೂ ಸ್ವಲ್ಪ ಬೈಯಲೇ? ಸ್ವರ್ಣಾ, ಸೀತಾ ಎರಡೂ ನಿಮ್ಮ ಬಗಲಲ್ಲೇ ಇವೆ. ಹಂಗಾರಕಟ್ಟೆಯಲ್ಲಿ ಬಾರ್ಜ್ ಹತ್ತಿ ಕೋಡಿ ಬೆಂಗ್ರೆಗೆ ಹೋಗಿ ಎಷ್ಟು ವರ್ಷ ಆಯ್ತು? ಹೊಳೆ ನಡುವಿನ ಕುದ್ರುಗಳನ್ನು, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳನ್ನು ದೋಣಿಯಿಂದ ಕೊನೆಗೆ ನೋಡಿದ್ದು ಯಾವಾಗ? ಮೊದಲು ಅದು ಆಗಲಿ. ಆಮೇಲೆ ಭಾವನವರನ್ನು ಕರೆದುಕೊಂಡು ರೈಲಲ್ಲಿ ನೀಲೇಶ್ವರಕ್ಕೆ ಹೋಗಿ, ವಲಿಯಪರಂಬ ಹಿನ್ನೀರಿನಲ್ಲಿ ಹೌಸ್‌ಬೋಟ್ ಹಿಡಿದು ಒಂದು ರಾತ್ರಿ ಇದ್ದು ಬನ್ನಿ. ಸಂಜೆಯಾದ ಮೇಲೆ ದೋಣಿ ನಿಂತೇ ಇರುತ್ತದೆ, ಮಾಡಲಿಕ್ಕೆ ಏನೂ ಇರುವುದಿಲ್ಲ. ಆ ಹೊತ್ತಿನಲ್ಲಿ ಅವರು ಚಡಪಡಿಸಿ ‘ನಾಳೆ ಎಷ್ಟು ಗಂಟೆಗೆ ವಾಪಸ್’ ಅಂತ ಕೇಳತೊಡಗಿದರೆ ರೈನ್ ಅವರಿಗಲ್ಲ, ಮಗನ ದುಡ್ಡು ಹಾಳು ಮಾಡಬೇಡಿ. ನೀವೊಬ್ಬರೇ ಹೋಗಬಹುದು, ಆದರೆ ಒಬ್ಬರಿಗೇ ಕೋಣೆ ಅಂದರೆ ಹೆಚ್ಚುವರಿ ಹಣ ಕೇಳುತ್ತಾರೆ. ತಂಗಿಯನ್ನೋ ಗೆಳತಿಯನ್ನೋ ಜೊತೆಗೆ ಕರೆದುಕೊಳ್ಳಿ.

ಇಬ್ಬರೂ ಹೊರಟರೆ ಒಳ್ಳೆಯದೇ. ಸ್ವಿಜರ್ಲ್ಯಾಂಡ್, ಫ್ರಾನ್ಸ್, ಜರ್ಮನಿ, ನೆದರ್ಲ್ಯಾಂಡ್ಸ್, ಎಲ್ಲದಕ್ಕೂ ಒಂದೇ ಷೆಂಗೆನ್ ವೀಸಾ ಸಾಕು. ಹಡಗು ಹತ್ತುವ ಮೊದಲು ಮಗನ ಮನೆಯಲ್ಲಿ ಇರುತ್ತೀರಲ್ಲ, ಆಗ ಒಂದು ದಿನ ಬಿಡುವು ಇಟ್ಟುಕೊಳ್ಳಿ. ನಮ್ಮ ಕನ್ನಡಕ್ಕೆ 1894ರಲ್ಲಿ ನಿಘಂಟು ಕೊಟ್ಟ ಕಿಟೆಲ್ 1903ರಲ್ಲಿ ತೀರಿಕೊಂಡದ್ದು ಟ್ಯೂಬಿಂಗನ್‌ನಲ್ಲಿ, ಅವರ ಸಮಾಧಿಯೂ ಅಲ್ಲೇ. ಸ್ಟುಟ್‌ಗಾರ್ಟ್‌ನಿಂದ ರೈಲಲ್ಲಿ ಒಂದು ಗಂಟೆಯ ದಾರಿ. ಅದು ನೆಕ್ಕಾರ್ ದಂಡೆಯ ಊರು, ಆದರೆ ಕ್ರೂಸ್ ಹಡಗುಗಳು ಅಷ್ಟು ಮೇಲೆ ಬರುವುದಿಲ್ಲ. ಭಾವನವರ ಓಡಾಟದ ಹುಮ್ಮಸ್ಸು ಅಲ್ಲಿ ಕೆಲಸಕ್ಕೆ ಬರಲಿ, ಆ ದಿನದ ಟಿಕೆಟ್, ದಾರಿ ಎಲ್ಲ ಅವರೇ ನೋಡಿಕೊಳ್ಳಲಿ.